ಬೇಯಿಸಿದ ಔಷಧಿ

ಆ ಬೀದಿಯ ಬೇಕರಿಯವನಿಗೆ ತನ್ನ ಕೈಗುಣದ ಬಗ್ಗೆ ತುಸು ಹೆಚ್ಚೇ ಜಂಬವಿತ್ತು. ಇರಲಿ ಬಿಡಿ, ಅವನ ಬನ್ನು ತಿಂದವರು ಬೇರೆ ಅಂಗಡಿಯ ಬನ್ನು ಕಂಡರೆ ಮೂಗು ಮುರಿಯುತ್ತಿದ್ದದ್ದು ಸುಳ್ಳಲ್ಲ. ಆದರೆ ಜಂಬವೆನ್ನುವುದು ಕಲಸಿಟ್ಟ ಹಿಟ್ಟಿನ ಹಾಗೆ, ಬೆಚ್ಚಗೆ ಮುಚ್ಚಿಟ್ಟಷ್ಟೂ ಉಬ್ಬುತ್ತದೆ. ಇವನದು ಉಬ್ಬಿ ಉಬ್ಬಿ ಕೊನೆಗೆ ಮಗಳ ಔಷಧಿಯ ತನಕ ಬಂತು.

ಮಗಳಿಗೆ ಐದು ವರ್ಷ. ಮನೆಯಲ್ಲಿ ಅವಳನ್ನು ಇಲಿಮರಿ ಎಂದೇ ಕರೆಯುತ್ತಿದ್ದರು. ಬನ್ನನ್ನು ಸುತ್ತಲಿಂದ ಕೊರೆದು ಕೊರೆದು ತಿಂದು, ಹೊಟ್ಟೆ ತುಂಬಿದ ಮೇಲೆ ಉಳಿದ ತುಂಡನ್ನು ಎಲ್ಲಾದರೂ ಬಚ್ಚಿಡುವ ಹುಡುಗಿಗೆ ಬೇರೆ ಯಾವ ಹೆಸರು ಒಪ್ಪೀತು? ಅಂಥ ಚೂಟಿಯಾದ ಕೂಸಿಗೆ ಎರಡು ಸಲ ಫಿಟ್ಸ್ ಬಂತು. ಪರೀಕ್ಷೆಯೆಲ್ಲ ಆದಮೇಲೆ ಡಾಕ್ಟರಮ್ಮ ಒಂದು ಸಿರಪ್ ಬರೆದುಕೊಟ್ಟು, ಬೆಳಿಗ್ಗೆ ಸಾಯಂಕಾಲ ತಪ್ಪದೆ ಕೊಡಬೇಕು, ಕೊಟ್ಟರೆ ಮಗು ಎಲ್ಲರ ಹಾಗೆ ಆಡಿಕೊಂಡಿರುತ್ತದೆ ಎಂದರು. ಗಂಡಹೆಂಡತಿ ಇಬ್ಬರೂ ಹೋದ ಜೀವ ಬಂದಂತಾಗಿ ಮನೆಗೆ ಬಂದರು. ಒಂದು ಚಮಚ ಔಷಧಿ ತಾನೇ, ಅದೇನು ಮಹಾ!

ಮಹಾ ಅಲ್ಲ, ಮಹಾಭಾರತವೇ ಆಯಿತು. ಚಮಚ ಕಂಡರೆ ಸಾಕು, ಇಲಿಮರಿ ಮೇಜಿನ ಕೆಳಗೆ. ಎಳೆದು ತಂದರೆ ಬಾಯಿಗೆ ಬೀಗ. ಹೇಗೋ ಬಾಯಿ ತೆರೆಸಿದರೆ, ಒಳಗೆ ಹೋದದ್ದಕ್ಕಿಂತ ಅಮ್ಮನ ಬಟ್ಟೆಯ ಮೇಲೆ ಬಿದ್ದದ್ದೇ ಜಾಸ್ತಿ. ಅಮ್ಮ ಚಾಪೆ ಕೆಳಗೆ ತೂರಿದರೆ ಮಗಳು ರಂಗೋಲಿ ಕೆಳಗೆ ತೂರುತ್ತಿದ್ದಳು. "ಸಿಹಿ ಇದೆ ಪುಟ್ಟಾ, ಹಣ್ಣಿನ ರಸ ಕಣೇ" ಎಂದು ಅಮ್ಮ ಗೋಗರೆದಳು. ಅದನ್ನು ನಂಬಿ ಒಂದೇ ಒಂದು ಸಲ ಬಾಯಿ ತೆರೆದ ಮಗು ಕುಡಿದದ್ದಷ್ಟನ್ನೂ ಕಕ್ಕಿತು. ಆಮೇಲೆ ಹಣ್ಣಿನ ರಸ ಕೊಟ್ಟರೂ ಕುಡಿಯಲಿಲ್ಲ.

"ನೀನು ಬಿಡು, ನನ್ನ ಕೈಗೆ ಕೊಡು" ಎಂದ ಬೇಕರಿಯವನು.

"ನೀವೇನು ಮಂತ್ರ ಹಾಕ್ತೀರಾ?"

"ಮಂತ್ರ ಯಾಕೆ? ಹಿಟ್ಟು ಇದೆಯಲ್ಲ."

ಮರುದಿನದಿಂದ ಅವನು ಮಗಳಿಗೆಂದೇ ಪುಟ್ಟ ಬನ್ನು ಮಾಡತೊಡಗಿದ. ಸಕ್ಕರೆ ಒಂದು ಚಿಟಿಕೆ ಹೆಚ್ಚು, ಬೆಣ್ಣೆ ಒಂದು ಬೆರಳು ಹೆಚ್ಚು, ಜೊತೆಗೆ ಅಳತೆ ಮಾಡಿದ ಔಷಧಿ. ಎಲ್ಲವನ್ನೂ ಸೇರಿಸಿ ಚೆನ್ನಾಗಿ ನಾದಿ, ಉಬ್ಬಿಸಿ, ಓವನ್ನಿನಲ್ಲಿ ಕೆಂಪಗೆ ಬೇಯಿಸಿದ. ಇಲಿಮರಿ ಕಮಕ್ ಕಿಮಕ್ ಎನ್ನದೆ ತಿಂದಳು. ಸಾಯಂಕಾಲ ಇನ್ನೊಂದು. "ನೋಡಿದ್ಯಾ?" ಎಂದು ಹೆಂಡತಿಗೆ ಕಣ್ಣು ಹೊಡೆದ. ಅವಳೂ ಪಾಪ, ಮೇಜಿನ ಕೆಳಗೆ ತೂರಿ ತೂರಿ ಬೆನ್ನು ನೋಯಿಸಿಕೊಂಡವಳು, ಸದ್ಯ ಮುಗಿಯಿತಲ್ಲ ಎಂದು ಸುಮ್ಮನಾದಳು. ಬೇರೆ ಯಾವ ಕಸುಬಿನ ಅಪ್ಪನಿಗೂ ಔಷಧಿಯನ್ನು ಓವನ್ನಿಗೆ ಹಾಕುವ ಬುದ್ಧಿ ಬರುತ್ತಿರಲಿಲ್ಲ. ಇವನಿಗೆ ಬಂತು, ಅದೇ ದೊಡ್ಡ ಬುದ್ಧಿವಂತಿಕೆ ಎಂದು ಬೀಗಿದ ಕೂಡ.

ಒಂದು ವಾರವೂ ಕಳೆದಿರಲಿಲ್ಲ. ಬೆಳಿಗ್ಗೆ ಅಂಗಡಿಯಲ್ಲಿ ಖಾಲಿ ಟ್ರೇಗಳ ನಡುವೆ ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸೆಟೆದು ಬಿತ್ತು. ಅಮ್ಮ ಓಡಿಬಂದು, ಡಾಕ್ಟರಮ್ಮ ಹೇಳಿಕೊಟ್ಟಂತೆ ಪಕ್ಕಕ್ಕೆ ಹೊರಳಿಸಿ ಹಿಡಿದಳು. ಬೇಕರಿಯವನ ಕೈಕಾಲು ಆಡಲಿಲ್ಲ. ಗೋಡೆಗೆ ಒರಗಿ ನಿಂತುಬಿಟ್ಟ. ನಡುಕ ನಿಂತ ಮೇಲೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು.

ಮಗು ಚೇತರಿಸಿಕೊಂಡು ಹಾಸಿಗೆಯ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿತ್ತು. ಡಾಕ್ಟರಮ್ಮ ಕೇಳಿದರು, "ಔಷಧಿ ತಪ್ಪಿಸಿದ್ರಾ?"

"ಒಂದು ಹೊತ್ತೂ ಇಲ್ಲ ಡಾಕ್ಟ್ರೇ, ನಾನೇ ಕೊಟ್ಟಿದ್ದೀನಿ."

"ಹೇಗೆ ಕೊಡ್ತಿದ್ರಿ?"

"ಬನ್ನಲ್ಲಿ."

"ಬನ್ನಿನ ಮೇಲೆ ಹಾಕಿ?"

"ಇಲ್ಲ. ಹಿಟ್ಟಲ್ಲಿ ಕಲಸಿ..." ಬೇಕರಿಯವನ ದನಿ ಇಳಿಯಿತು. "ಬೇಯಿಸಿ."

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಅಷ್ಟು ಬಿಸೀಲಿ ಬೆಂದ ಮೇಲೆ ಔಷಧಿ ಎಷ್ಟು ಉಳಿಯುತ್ತೆ ಅಂತ ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಹೋಗಲಿ, ಬನ್ನು ಪೂರ್ತಿ ತಿಂತಿದ್ಲಾ?"

ಹೆಂಡತಿ ಹಣೆ ಚಚ್ಚಿಕೊಂಡಳು. ದಿಂಬಿನ ಹಿಂದೆ, ಬೊಂಬೆಗಳ ಡಬ್ಬಿಯೊಳಗೆ ದಿನಾ ಸಿಗುತ್ತಿದ್ದ ತುಂಡುಗಳು ಅವಳಿಗೆ ಈಗ ಕಣ್ಣ ಮುಂದೆ ಬಂದವು.

"ಇವತ್ತು ಸಾಯಂಕಾಲದಿಂದ ಸರಿಯಾಗಿ ಒಳಗೆ ಹೋಗಬೇಕು. ಮನೇಲಿ ಆಗಲ್ಲ ಅಂದ್ರೆ ಕರ್ಕೊಂಡು ಬನ್ನಿ, ಇಲ್ಲೇ ಸೇರಿಸ್ಕೊಂಡು ಸೂಜಿ ಮೂಲಕ ಕೊಡೋಣ. ಅದು ಅವಳಿಗೂ ಕಷ್ಟ, ನಿಮಗೂ ಕಷ್ಟ" ಎಂದರು ಡಾಕ್ಟರಮ್ಮ.

ಆಗ ಹಾಸಿಗೆಯ ಮೇಲಿಂದ ಸಣ್ಣ ದನಿ ಬಂತು. "ಅಪ್ಪ, ನನ್ನ ಬನ್ನಲ್ಲಿ ಹಾಕಿದ್ಯಾ?"

ಬೇಕರಿಯವನಿಗೆ ಬಿಸಿತುಪ್ಪ ಬಾಯಲ್ಲಿಟ್ಟ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಮಗು ಗೋಡೆಯ ಕಡೆ ತಿರುಗಿ ಮಲಗಿತು.

ಮನೆಗೆ ಬಂದ ಮೇಲೆ ಅವನು ನೀರು ಕೊಟ್ಟರೆ ಇಲಿಮರಿ ಮೂಸಿ ನೋಡಿ ಲೋಟ ಕೆಳಗಿಟ್ಟಳು. ಬಾಳೆಹಣ್ಣು ಸುಲಿದು ಕೊಟ್ಟರೆ ಅಮ್ಮನ ಮುಖ ನೋಡಿದಳು. ಸಿಪ್ಪೆ ಇದ್ದ ಇನ್ನೊಂದು ಹಣ್ಣನ್ನು ತಾನೇ ಸುಲಿದುಕೊಂಡು ತಿಂದಳು. ಊರಿಗೆಲ್ಲ ಉಣಿಸುವ ಕೈ ಅವನದು. ಆ ಕೈಯಿಂದ ತನ್ನ ಮಗಳೇ ಒಂದು ಗುಟುಕು ನೀರು ಕುಡಿಯುತ್ತಿಲ್ಲ.

"ಹಿಡ್ಕೊಂಡು ಕುಡಿಸಿಬಿಡೋಣ್ವಾ?" ಎಂದು ಹೆಂಡತಿಯನ್ನು ಕೇಳಿದ.

"ಇವತ್ತು ಹಿಡೀತೀರಿ, ನಾಳೆ? ವರ್ಷಗಟ್ಟಲೆ ಕುಡೀಬೇಕು ಅವಳು. ಮೊದಲು ಹೋಗಿ ಔಷಧಿ ಅಂಗಡಿ ಅಕ್ಕನ್ನ ಕೇಳಿ, ಮಕ್ಕಳಿಗೆ ಹೇಗೆ ಕೊಡ್ತಾರೆ ಅಂತ. ಆಮೇಲೆ ಬಂದು ಮಗಳ ಹತ್ರ ತಪ್ಪಾಯ್ತು ಅನ್ನಿ. ಹಣ್ಣಿನ ರಸ ಅಂದಿದ್ದು ನನ್ನ ತಪ್ಪು, ನಾನಾಗಲೇ ಹೇಳಿಯಾಯ್ತು."

ಔಷಧಿ ಅಂಗಡಿಯಾಕೆ ಬೇಕರಿಯ ಕಥೆ ಕೇಳಿ ನಗು ತಡೆದುಕೊಳ್ಳಲು ಸ್ವಲ್ಪ ಹೊತ್ತು ಬೆನ್ನು ತಿರುಗಿಸಿ ಏನೋ ಹುಡುಕುತ್ತಿರುವ ಹಾಗೆ ನಟಿಸಿದಳು. ಆಮೇಲೆ ಸೂಜಿಯಿಲ್ಲದ ಒಂದು ಪುಟ್ಟ ಸಿರಿಂಜ್ ತೆಗೆದು ಅವನ ಮುಂದಿಟ್ಟಳು. "ಕೂರಿಸಿ ಕೊಡಿ, ಮಲಗಿಸಿ ಬೇಡ. ಮೂಗು ಹಿಡೀಬೇಡಿ, ನೆತ್ತಿಗೆ ಹತ್ತುತ್ತೆ. ಕೆನ್ನೆ ಒಳಗಡೆ ಸ್ವಲ್ಪ ಸ್ವಲ್ಪ ಬಿಡಿ. ಮೊದಲು ಒಂದು ಚೂರು ಐಸ್ ಚೀಪಿಸಿ, ನಾಲಿಗೆ ಮರಗಟ್ಟಿದ್ರೆ ಕಹಿ ಅಷ್ಟು ಗೊತ್ತಾಗಲ್ಲ. ಸಿರಿಂಜ್ ಅವಳ ಕೈಯಲ್ಲೇ ಇರಲಿ. ಮುಖ್ಯವಾಗಿ, ಸುಳ್ಳು ಹೇಳಬೇಡಿ ಅಣ್ಣಾ. ಮಕ್ಕಳ ನಾಲಿಗೆಗೆ ಸುಳ್ಳು ಬೇಗ ಗೊತ್ತಾಗುತ್ತೆ."

"ನಾನು ರುಚಿ ನೋಡಬಹುದಾ ಅಕ್ಕಾ?"

"ಒಂದು ತೊಟ್ಟು ನಾಲಿಗೆಗೆ ತಾಗಿಸಿದ್ರೆ ಏನೂ ಆಗಲ್ಲ. ಬಾಟ್ಲಿ ಎತ್ತಿ ಕುಡೀಬೇಡಿ ಮತ್ತೆ!"

ಅವನು ಮನೆಗೆ ಬಂದು ಮಗಳ ಎದುರು ನೆಲದ ಮೇಲೆ ಕುಳಿತ. "ಇಲಿಮರಿ, ನಾನು ನಿನ್ನ ಬನ್ನಲ್ಲಿ ಔಷಧಿ ಹಾಕಿದ್ದೆ. ನಿನಗೆ ಹೇಳಲಿಲ್ಲ. ತಪ್ಪಾಯ್ತು."

ಮಗು ಬೊಂಬೆಯ ಕೂದಲು ಬಾಚುತ್ತಲೇ ಇತ್ತು. ತಲೆ ಎತ್ತದೆ ಕೇಳಿತು, "ಬನ್ನಲ್ಲಿ ಇನ್ನೇನೇನ್ ಹಾಕ್ತೀಯ?"

ಆಣೆ ಪ್ರಮಾಣ ಮಾಡಬಹುದಿತ್ತು. ಆದರೆ ಕಳ್ಳನ ಆಣೆಯನ್ನು ಯಾರು ನಂಬುತ್ತಾರೆ? "ಬಾ, ತೋರಿಸ್ತೀನಿ" ಎಂದ.

ಬೆಳಿಗ್ಗೆ ಮುಚ್ಚಿದ ಅಂಗಡಿ ಮಧ್ಯಾಹ್ನವೂ ಖಾಲಿಯಿತ್ತು. ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುವ ಮೇಜಿನ ಒಂದು ಮೂಲೆಯನ್ನು ಒರೆಸಿ ಮಗಳನ್ನು ಕೂರಿಸಿದ. ಅವಳು ತನಿಖೆಗೆ ಬಂದ ಅಧಿಕಾರಿಯ ಗತ್ತಿನಲ್ಲಿ ಕಾಲು ಇಳಿಬಿಟ್ಟು ಕುಳಿತಳು.

"ಅದೇನು?"

"ಮೈದಾ."

"ತಿನ್ನು."

ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಒಣಹಿಟ್ಟು ಅಂಗುಳಕ್ಕೆ ಅಂಟಿ ಕೆಮ್ಮು ಬಂತು.

"ಅದು?"

"ಉಪ್ಪು."

"ತಿನ್ನು."

ತಿಂದ. ಸಕ್ಕರೆ ತಿಂದ, ಬೆಣ್ಣೆ ತಿಂದ. ಹಿಟ್ಟು ಉಬ್ಬಿಸುವ ಈಸ್ಟನ್ನು ನಾಲಿಗೆಗೆ ಸವರಿಕೊಂಡು ಮುಖ ಹಿಂಡಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮಾಡಿದ್ದುಣ್ಣೋ ಮಹರಾಯ ಎಂಬ ಮಾತು ಇಷ್ಟು ಅಕ್ಷರಶಃ ನಡೆಯುವುದನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಎಲ್ಲ ಮುಗಿದ ಮೇಲೆ ಅವನು ಖಾಲಿ ಕೈ ಎರಡನ್ನೂ ತಿರುಗಿಸಿ ತೋರಿಸಿದ. "ಇಷ್ಟೇ. ಬೇರೇನೂ ಇಲ್ಲ." ಮಗಳು ನೋಡುತ್ತಿದ್ದಂತೆ ಕಲಸಿದ, ನಾದಿದ, ಒದ್ದೆಬಟ್ಟೆ ಮುಚ್ಚಿಟ್ಟ. ಬಟ್ಟೆಯ ಪಕ್ಕದಿಂದ ಅವಳು ಕದಲಲಿಲ್ಲ. ಹಿಟ್ಟು ಉಬ್ಬಿ, ಉಂಡೆಗಳಾಗಿ ಓವನ್ನಿಗೆ ಹೋಗುವ ಹೊತ್ತಿಗೆ ಹೊರಗೆ ಬೀದಿದೀಪ ಹತ್ತಿತ್ತು. ಔಷಧಿಯ ಹೊತ್ತು.

ಅವನು ಬಾಟಲಿಯನ್ನು ತಂದು ಮೇಜಿನ ಮೇಲೆ, ಮುಚ್ಚುಮರೆಯಿಲ್ಲದೆ, ಅವಳ ಎದುರಿಗೇ ಇಟ್ಟ.

"ಅದೇನು?" ಗೊತ್ತಿದ್ದೂ ಕೇಳಿದಳು.

"ನಿನ್ನ ಔಷಧಿ."

"ತಿನ್ನು."

ಬೆರಳ ತುದಿಗೆ ಒಂದು ತೊಟ್ಟು ತೆಗೆದುಕೊಂಡು ನಾಲಿಗೆಗೆ ಇಟ್ಟುಕೊಂಡ. ಅಬ್ಬಬ್ಬಾ! ಮೊದಲು ಹುಸಿ ಸಿಹಿ, ಅದರ ಹಿಂದೆಯೇ ಗಂಟಲಿನ ತನಕ ಕೊರೆಯುವ ಕಹಿ. ಇದನ್ನೇ ಅಲ್ಲವೇ ತಾನು ಕೂಸಿಗೆ ಕದ್ದುಮುಚ್ಚಿ ತಿನ್ನಿಸಿದ್ದು!

"ಹೇಗಿದೆ?" ಮಗಳು ಅವನ ಮುಖವನ್ನೇ ನೋಡುತ್ತಿದ್ದಳು.

ಅಷ್ಟೇನಿಲ್ಲ ಕಣೇ ಎಂದರೆ ಮುಗಿಯಿತು. ಆ ಮಾತು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಕಹಿ ಎಂದರೆ ಮತ್ತೆ ಮೇಜಿನ ಕೆಳಗೆ ಓಡುತ್ತಾಳೆ, ರಾತ್ರಿಯೊಳಗೆ ಆಸ್ಪತ್ರೆ, ಆ ಪುಟ್ಟ ಕೈಗೆ ಸೂಜಿ.

"ಥೂ!" ಎಂದ ಬೇಕರಿಯವನು. "ಕೆಟ್ಟ ಕಹಿ ಕಣೇ. ಹಾಗಲಕಾಯಿಯ ಅಜ್ಜ."

ಇಲಿಮರಿಯ ತುಟಿ ಒಂದು ಕಡೆ ಓರೆಯಾಯಿತು, ಆಮೇಲೆ ಎರಡೂ ಕಡೆ. ಬೆಳಿಗ್ಗೆಯಿಂದ ಅವಳು ನಕ್ಕಿದ್ದು ಅದೇ ಮೊದಲು. "ನಾನು ಹೇಳ್ದಾಗ ಯಾರೂ ನಂಬಲೇ ಇಲ್ಲ" ಎಂದಳು.

"ಈಗ ನಂಬ್ತೀನಿ. ಆದ್ರೂ ಇದನ್ನ ಕುಡೀಬೇಕು ಪುಟ್ಟಾ. ಕುಡೀದಿದ್ರೆ ಬೆಳಿಗ್ಗೆ ಬಿದ್ದ ಹಾಗೆ ಮತ್ತೆ ಬೀಳ್ತೀಯ. ನನಗೆ ತುಂಬಾ ಭಯ ಆಗುತ್ತೆ."

"ನಿಂಗೂ ಭಯ ಆಗುತ್ತಾ?"

"ಬೆಳಿಗ್ಗೆ ಕೈಕಾಲೇ ಆಡಲಿಲ್ಲ ಕಣೇ."

ಅವಳು ಅದನ್ನು ಮನಸ್ಸಿನಲ್ಲೇ ತೂಗಿ ನೋಡಿದಳು. ಆಮೇಲೆ ಕೈ ಚಾಚಿದಳು. ಅವನು ಐಸಿನ ಚೂರನ್ನೂ ಔಷಧಿ ಅಳೆದು ತುಂಬಿದ ಸಿರಿಂಜನ್ನೂ ಕೊಟ್ಟ. ಐಸನ್ನು ಚೀಪಿದಳು, ಸಿರಿಂಜನ್ನು ಎರಡು ಕೈಯಲ್ಲಿ ಹಿಡಿದು ಕೆನ್ನೆಯ ಒಳಗೆ ಇಟ್ಟುಕೊಂಡಳು. ಒಂದಿಷ್ಟು ಒತ್ತಿದಳು, ಮುಖ ಕಿವುಚಿತು, ಕಣ್ಣಲ್ಲಿ ನೀರು ಬಂತು, ನುಂಗಿದಳು. ಮತ್ತೊಂದಿಷ್ಟು. ಜೋರಾಗಿ ಅತ್ತಳು, ಕಾಲು ಒದ್ದಳು, ಅಪ್ಪನ ಅಂಗಿಯನ್ನು ಹಿಡಿದು ಜಗ್ಗಿದಳು. ಅವನು ಜಗ್ಗಿಸಿಕೊಂಡು ನಿಂತ. ಅಳುತ್ತಲೇ ಕೊನೆಯ ಹನಿಯ ತನಕ ಕುಡಿದು ಸಿರಿಂಜನ್ನು ಮೇಜಿನ ಮೇಲೆ ಎಸೆದಳು. ಒಳಗೆ ಹೋದದ್ದು ಒಳಗೇ ಉಳಿಯಿತು.

ಓವನ್ನಿನಿಂದ ಟ್ರೇ ಹೊರಗೆ ಬಂದಾಗ ಕೋಣೆಯೆಲ್ಲ ಘಮ್ಮೆಂದಿತು. ಬೇಕರಿಯವನು ಒಂದು ಬನ್ನನ್ನು ಆರಿಸಿ, ಸ್ವಲ್ಪ ತಣಿಯಲು ಬಿಟ್ಟು, ಒಳಗನ್ನು ತೋರಿಸೋಣವೆಂದು ಎರಡು ಹೆಬ್ಬೆರಳುಗಳನ್ನೂ ಅದರ ನಡುವೆ ಊರಿದ.

"ಮುರೀಬೇಡ" ಎಂದಳು ಇಲಿಮರಿ.

"ಒಳಗೇನಿದೆ ಅಂತ ನೋಡಲ್ವಾ?"

"ಬೇರೇನೂ ಇಲ್ಲ ಅಂತ ನೀನು ಹೇಳಿದ್ಯಲ್ಲ."

ಇಡೀ ಬನ್ನನ್ನು ಅವನ ಕೈಯಿಂದಲೇ ತೆಗೆದುಕೊಂಡು, ಮೂಸದೆ, ನೋಡದೆ, ಬಾಯಿ ತುಂಬ ಕಚ್ಚಿದಳು. ಬೇಕರಿಯವನು ತಟಕ್ಕನೆ ಬೇರೆ ಕಡೆ ತಿರುಗಿದ.

"ಅಪ್ಪ, ಕಣ್ಣಿಗೇನಾಯ್ತು?"

ಹಿಟ್ಟು ಬಿತ್ತು ಎಂದು ಹೇಳಲು ಬಾಯಿ ತೆರೆದವನು ಅದನ್ನು ಅಲ್ಲೇ ನುಂಗಿಕೊಂಡ. "ಏನೂ ಆಗಿಲ್ಲ ಕಣೇ. ಅಳ್ತಾ ಇದೀನಿ."

ಮಗಳು ಬಾಯಲ್ಲಿದ್ದದ್ದನ್ನು ಅಗಿದು ಮುಗಿಸಿದಳು. "ಸರಿ, ಅಳು" ಎಂದು ಪಕ್ಕಕ್ಕೆ ಸರಿದು ಮೇಜಿನ ಮೇಲೆ ಅವನಿಗೂ ಜಾಗ ಮಾಡಿಕೊಟ್ಟಳು. "ನಾನಿಲ್ಲೇ ಇರ್ತೀನಿ."