ಕೆಳಗಿನ ದನಿ

ತೊಂಬತ್ತಾರರ ಸೆಪ್ಟೆಂಬರಿನಲ್ಲಿ ನನ್ನ ಯಜಮಾನರು ಗುರುಸಿದ್ದಪ್ಪನವರ ಗಂಟಲಿಗೆ ಆಪರೇಷನ್ ಅಂತ ಗೊತ್ತಾಯಿತು. ಮಂಗಳವಾರ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಭಾನುವಾರ ಮಧ್ಯಾಹ್ನವೇ ಮಗಳು ಸ್ಮಿತಾ ಚಾಪೆಲ್ ಹಿಲ್‌ನಿಂದ ಟೇಪ್ ರೆಕಾರ್ಡರ್ ತೊಗೊಂಡು ಸ್ಟರ್ಲಿಂಗ್‌ನ ನಮ್ಮ ಮನೆಗೆ ಬಂದಳು.

ಚಾಪೆಲ್ ಹಿಲ್ ಯೂನಿವರ್ಸಿಟಿಯಲ್ಲಿ ಅವಳು ಕಲಿಯುವುದು ಹಳೆಯ ಫ್ರಾನ್ಸಿನ ಸಂಗೀತ. ಏಳುನೂರು ವರ್ಷದ ಹಿಂದೆ ಅಲ್ಲಿಯ ಕವಿಗಳು ತಾವೇ ಪದ ಕಟ್ಟಿ, ತಾವೇ ಮಟ್ಟು ಹಾಕುತ್ತಿದ್ದರಂತೆ. ಇಗರ್ಜಿಯ ಹಳೇ ಹಾಡನ್ನು ಒಬ್ಬ ಕೆಳಗೆ ನಿಧಾನವಾಗಿ ಎಳೆಯುತ್ತಿದ್ದರೆ, ಅದರ ಮೇಲೆ ಇನ್ನೊಬ್ಬ ಬೇರೆಯದೇ ಮಾತು, ಬೇರೆಯದೇ ರಾಗ ಹಾಡುವುದು. ಇಬ್ಬರೂ ಒಟ್ಟಿಗೇ.

“ಅಪ್ಪಾ, ನೀನು ನಿನ್ನ ಷಟ್ಪದಿ ಓದು. ನಾನು ಮೇಲೆ ಹಾಡ್ತೀನಿ. ಸ್ಟಾಪ್ ಮಾಡ್ಬೇಡ, ಓಕೆ?”

“ಇಬ್ಬರೂ ಕೂಡೇ ಒದರಿದ್ರ ಸಂತಿ ಆಗ್ತದಲ್ಲವಾ!”

ಓದಿದರು. ಅವಳು ದನಿ ತೆಗೆದ ಕೂಡಲೇ ನಿಂತರು. ಮತ್ತೆ ಶುರು, ಮತ್ತೆ ನಿಂತರು. ನಮ್ಮ ಕಡೆ ಪುರಾಣವನ್ನು ಒಬ್ಬರು ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ಅರ್ಥ ಹೇಳುವವರು ಬಾಯಿ ತೆರೆದ ಮೇಲೆ ಓದುವವರು ಅರ್ಧ ಅಕ್ಷರವನ್ನೂ ಎಳೆಯಬಾರದು. ಹತ್ತನೇ ವಯಸ್ಸಿನಿಂದ ಮಠದಲ್ಲಿ ಓದಿದ ಬಾಯಿ ಅದು. ನಾನೂ ಅದನ್ನೇ ಕೇಳಿ ಬೆಳೆದವಳು.

“ಅಪ್ಪಾ, ಜಸ್ಟ್ ಕೀಪ್ ಗೋಯಿಂಗ್!” ಸ್ಮಿತಾ ನಗಲು ಹೋಗಿ ಕಣ್ಣೊರೆಸಿಕೊಂಡಳು.

“ಏನ್ ಮಾಡ್ಲಿ ಯವ್ವಾ, ನೀ ಹಾಡಾಕ ಹತ್ತಿದ್ರ ಕೇಳಬೇಕು ಅನ್ನಿಸ್ತದ.”

ಐದನೇ ಸಲಕ್ಕೆ ಅವರ ದನಿ ಒಡೆಯಿತು. ಬಿಸಿನೀರು ಕೊಟ್ಟು, “ಸಾಕು, ಅವರೊಬ್ಬರದೇ ಟೇಪ್ ಮಾಡ್ಕೋ,” ಅಂದೆ. ಸ್ಮಿತಾ ಬಾಯಿ ಮುಚ್ಚಿ ಕೂತಳು. ಅವರು ಒಬ್ಬರೇ ಮೂರು ಪದ್ಯ ಓದಿದರು. ಕೊನೆಯದರ ನಡುವೆ ಹತ್ತಿರದ ಡಲೆಸ್ ಏರ್‌ಪೋರ್ಟಿಗೆ ಇಳಿಯುವ ವಿಮಾನವೊಂದು ಮನೆಯ ಮೇಲೆ ಹೋಯಿತು. ಅದಕ್ಕೂ ಮರ್ಯಾದೆ ಕೊಟ್ಟು ನಿಂತು, ಆಮೇಲೆ ಮುಂದುವರಿಸಿದರು.

ಮಂಗಳವಾರ ದನಿ ಹೋಯಿತು.

ಅಕ್ಟೋಬರಿನಲ್ಲಿ ಸ್ಮಿತಾ ಮತ್ತೆ ಬಂದಳು. ಅವರು ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಸೋಫಾದ ಮೇಲೆ ಕೂತಿದ್ದರು, ತೊಡೆಯ ಮೇಲೆ ಬರೆದು ತೋರಿಸುವ ಸ್ಲೇಟು. ಅದರಲ್ಲಿ ‘ಹಾಕು’ ಎಂದು ಬರೆದರು. ಅವಳು ಟೇಪ್ ಹಾಕಿದಳು. ತಮ್ಮದೇ ದನಿಯ ಜೊತೆ ಅವರ ತುಟಿ ಆಡತೊಡಗಿತು. ಎರಡನೇ ಸಾಲಿಗೆ ಸ್ಮಿತಾ ಮೆಲ್ಲಗೆ ಮೇಲಿನ ಹಾಡು ತೆಗೆದಳು.

ಅವರ ತುಟಿ ತಟ್ಟನೆ ನಿಂತಿತು.

ನಾನು ಕಣ್ಣು ಮುಚ್ಚಿ ಕಾದೆ, ಈಗ ಟೇಪಿನಲ್ಲೂ ನಿಲ್ಲುತ್ತಾರೆ, ಈಗ ನಿಲ್ಲುತ್ತಾರೆ ಅಂತ. ಅವರು ಓದುತ್ತಲೇ ಹೋದರು.