ಐಶುಗೆ ಎತ್ತರ ಸಾಲಲಿಲ್ಲ

ಬೇಸಿಗೆ ರಜೆ ಶುರುವಾದರೆ ಸಾಕು, ಯಲಹಂಕದ ಸುತ್ತಮುತ್ತ ಎಲ್ಲಿ ಖಾಲಿ ಮೈದಾನ ಕಂಡರೂ ಅಲ್ಲೊಂದು ಎಕ್ಸಿಬಿಷನ್ ಎದ್ದು ನಿಲ್ಲುತ್ತದೆ. ತಗಡಿನ ಬೇಲಿ, ಬಣ್ಣದ ದೀಪ, ಅಗಲ ಹಪ್ಪಳದ ಅಂಗಡಿ, ಗಿರಗಿರನೆ ತಿರುಗುವ ಆಟಗಳು. ಮನೆಯಲ್ಲಿ ಮಕ್ಕಳಿದ್ದರೆ ಮುಗಿಯಿತು, ಕರೆದುಕೊಂಡು ಹೋಗುವ ತನಕ ಬಿಡುವುದಿಲ್ಲ. ಹೋದ ಮೇಲೆ ಇನ್ನೊಂದು ತಕರಾರು. "ನಾನು ಆ ದೊಡ್ಡದ್ರಲ್ಲೇ ಕೂತ್ಕೋಬೇಕು!"

ಅಲ್ಲಾಳಸಂದ್ರದ ಉಪೇಂದ್ರನ ಮನೆಯಲ್ಲೂ ಹೀಗೇ ಆಯಿತು. ಉಪೇಂದ್ರ ವಿಮಾ ಕಚೇರಿಯಲ್ಲಿ ಕೆಲಸದಲ್ಲಿದ್ದ. ಹೆಂಡತಿ ಚಿತ್ರಾ, ಒಂದನೇ ಕ್ಲಾಸು ಮುಗಿಸಿದ ಮಗಳು ಐಶ್ವರ್ಯ. ಎಲ್ಲರ ಬಾಯಲ್ಲೂ ಅವಳು ಐಶು. ಮಹಡಿ ಮೇಲೆ ಬಾಡಿಗೆಗೆ ಪ್ರಿಯಂವದಾ ಇದ್ದಳು. ಶೆಟ್ಟಿಹಳ್ಳಿ ಹತ್ತಿರ ಎಕ್ಸಿಬಿಷನ್ನಿಗೂ ಪಾರ್ಕುಗಳಿಗೂ ಆಟದ ಯಂತ್ರ ತಯಾರಿಸುವ ಕಂಪನಿಯೊಂದಿದೆ. ಅವಳು ಅಲ್ಲಿ ಎಂಜಿನಿಯರ್.

ಆ ಭಾನುವಾರ ಸಂಜೆ ನಾಲ್ವರೂ ಒಟ್ಟಿಗೇ ಹೋದರು. ಐಶು ನೇರವಾಗಿ ಓಡಿದ್ದು 'ಬ್ರೇಕ್ ಡ್ಯಾನ್ಸ್' ಆಟದ ಮುಂದಕ್ಕೆ. ಬಟ್ಟಲಿನಂಥ ಸೀಟುಗಳು, ತಾವೂ ತಿರುಗುತ್ತ, ಕೆಳಗಿನ ತಟ್ಟೆಯೊಂದಿಗೂ ತಿರುಗುತ್ತ ಹೋಗುತ್ತವೆ. ಕೂತವರ ತೊಡೆಯ ಮೇಲೆ ಅಡ್ಡಕ್ಕೆ ಒಂದು ಕಬ್ಬಿಣದ ಬಾರ್. ಗೇಟಿನ ಪಕ್ಕದಲ್ಲಿ ಎತ್ತರ ಅಳೆಯುವ ಕಂಬ. ಐಶು ಹೋಗಿ ನಿಂತಳು. ಕೆಂಪು ಗೆರೆ ಅವಳ ತಲೆಗಿಂತ ನಾಲ್ಕು ಬೆರಳು ಮೇಲಿತ್ತು.

ಆಟ ನಡೆಸುವವನು ನಕ್ಕ. "ಏನಾಗಲ್ಲ ಸಾರ್, ಪಕ್ಕದಲ್ಲಿ ಕೂರಿಸ್ಕೊಂಡು ಗಟ್ಟಿಯಾಗಿ ಹಿಡ್ಕೊಳ್ಳಿ."

ಉಪೇಂದ್ರ ಮಗಳ ಕೈಹಿಡಿದು ಮೆಟ್ಟಿಲು ಹತ್ತಿದ. ಹಿಂದಿನಿಂದ ಪ್ರಿಯಂವದಾ ಕೂಗಿದಳು.

"ಬೇಡ ಉಪೇಂದ್ರ, ಮಗೂನ ಕೂರಿಸ್ಬೇಡಿ. ಇಳಿಸಿ."

"ಯಾಕ್ರೀ? ಮಿಷಿನ್ ಸರಿಯಿಲ್ವಾ?"

"ಚೆನ್ನಾಗೇ ಇದೆ. ನಮ್ ಕಂಪನೀದೇ. ಈ ಸೀಟ್ ಡಿಸೈನ್ ಮಾಡಿದ್ದು ನಾನೇ."

ಉಪೇಂದ್ರನಿಗೆ ಏನೂ ಅರ್ಥವಾಗಲಿಲ್ಲ. ಸರಿಯಿಲ್ಲದಿದ್ದರೆ ಹತ್ತಬಾರದು, ಒಪ್ಪಿಕೊಳ್ಳೋಣ. ಚೆನ್ನಾಗಿದೆ, ನಾನೇ ಮಾಡಿದ್ದು, ಆದರೆ ಹತ್ತಬೇಡಿ ಎಂದರೆ ಏನು ಲೆಕ್ಕ? ಅವನು ಬಾಯಿ ತೆರೆದು ನಿಂತಿರುವಾಗಲೇ ಪ್ರಿಯಂವದಾ "ಬಾ ಚಿತ್ರಾ" ಎಂದು ಅವನ ಹೆಂಡತಿಯನ್ನು ಎಳೆದುಕೊಂಡು ಹೋಗಿ ಅದೇ ಸೀಟಿನಲ್ಲಿ ಕೂರಿಸಿದಳು. ಇಬ್ಬರೂ ದುಪಟ್ಟಾ ಬಿಗಿಯಾಗಿ ಸೊಂಟಕ್ಕೆ ಕಟ್ಟಿಕೊಂಡರು. ಬಾರನ್ನು ಎರಡು ಕೈಯಿಂದ ಎಳೆದು ನೋಡಿದರು. ಆಮೇಲೆ ಕಿರುಚಿಕೊಂಡು, ನಕ್ಕುಕೊಂಡು ಸುತ್ತಿದ್ದೇ ಸುತ್ತಿದ್ದು. ಕೆಳಗೆ ಉಪೇಂದ್ರ ಅಳುವ ಮಗಳನ್ನು ಹಿಡಿದುಕೊಂಡು ನಿಂತಿದ್ದ.

"ಅಮ್ಮ ಹೋದ್ರು, ಆಂಟಿ ಹೋದ್ರು. ನಾನ್ಯಾಕೆ ಬೇಡ?" ಎಂದಳು ಐಶು.

ಉಪೇಂದ್ರ ಅವಳ ಕಣ್ಣೊರೆಸಿದ. "ಮುಂದಿನ ವಾರ ನಾನೇ ಕೂರಿಸ್ತೀನಿ ಪುಟ್ಟಿ" ಎಂದುಬಿಟ್ಟ.

ಮರುದಿನ ಕೆರೆ ಪಕ್ಕ ವಾಕಿಂಗ್ ಹೋದಾಗ ಎದುರುಮನೆಯ ಮನೋಹರ್ ಸಿಕ್ಕಿದರು. ವಿಷಯ ಕೇಳಿ ಕೈಬೀಸಿದರು. "ಆ ಕಂಬ ನಿಲ್ಸೋದೇ ಕೇಸ್ ಬೀಳ್ಬಾರ್ದು ಅಂತ ಕಣಯ್ಯ. ನಾವು ಚಿಕ್ಕೋರಾಗಿದ್ದಾಗ ಮರದ ತೊಟ್ಟಿಲಲ್ಲಿ ಸುತ್ತಲಿಲ್ವಾ? ಏನಾಯ್ತು?" ಆಫೀಸಿನಲ್ಲಿ ಒಬ್ಬರು, ಈ ಆಟಗಳ ಸಹವಾಸವೇ ಬೇಡ ಎಂದರು. ಇನ್ನೊಬ್ಬರು, ಮಕ್ಕಳನ್ನು ಹೀಗೆ ಹೆದರಿಸಿ ಬೆಳೆಸಬಾರದು ಎಂದರು. ಎಲ್ಲರ ಮಾತೂ ಸರಿ ಎನ್ನಿಸುತ್ತಿತ್ತು, ಯಾವುದೂ ಪೂರ್ತಿ ಸರಿ ಎನ್ನಿಸುತ್ತಿರಲಿಲ್ಲ. ಕೊನೆಗೆ ಅವನಿಗೆ ಸುಲಭದ ದಾರಿಯೊಂದು ಹೊಳೆಯಿತು. ಐಶುಗೆ ದಪ್ಪ ಅಟ್ಟೆಯ ಶೂ ತಂದ.

ಚಿತ್ರಾ ಶೂ ತಿರುಗಿಸಿ ನೋಡಿದಳು. "ಇದ್ಯಾಕ್ರೀ ಇಷ್ಟು ದಪ್ಪ?"

"ಒಳಗೊಂದು ಮೆತ್ತೆ ಇಟ್ಟು, ತಲೆ ಮೇಲೆ ಜುಟ್ಟು ಕಟ್ಟಿದ್ರೆ ಗೆರೆ ಮುಟ್ತಾಳೆ. ಆಮೇಲೆ ಯಾರೂ ಬೇಡ ಅನ್ನಂಗಿಲ್ಲ."

ಚಿತ್ರಾ ಶೂ ಎತ್ತಿಕೊಂಡು ಮಹಡಿ ಹತ್ತಿದಳು. ಸ್ವಲ್ಪ ಹೊತ್ತಿಗೆ ಪ್ರಿಯಂವದಾ ಕೆಳಗಿಳಿದು ಬಂದಳು. ಜಗಳವಾಡಲಿಲ್ಲ. "ಶನಿವಾರ ನಮ್ ಫ್ಯಾಕ್ಟರಿಗೆ ಬನ್ನಿ. ಅಲ್ಲಿ ನೋಡಿದ್ಮೇಲೆ ನಿಮಗೆ ತೋಚಿದಂಗೆ ಮಾಡಿ" ಎಂದಳು.

ಶನಿವಾರ ಗಂಡ ಹೆಂಡತಿ ಹೋದರು. ಉದ್ದನೆಯ ಶೆಡ್ಡು. ಒಂದು ಕಡೆ ಅರ್ಧ ಬಣ್ಣ ಬಳಿದ ಕುದುರೆಗಳು, ಇನ್ನೊಂದು ಕಡೆ ಚಕ್ರದ ಕಬ್ಬಿಣದ ತೋಳುಗಳು. ಹಿಂದಿನ ಅಂಗಳದಲ್ಲಿ, ಸುತ್ತ ಬಲೆ ಕಟ್ಟಿದ ಜಾಗದಲ್ಲಿ, ಬ್ರೇಕ್ ಡ್ಯಾನ್ಸ್ ಯಂತ್ರ ನಿಂತಿತ್ತು. ಅದರ ಸೀಟುಗಳಲ್ಲಿ ಜನರ ಬದಲು ನೀರು ತುಂಬಿದ ಪ್ಲಾಸ್ಟಿಕ್ ಬೊಂಬೆಗಳು ಕೂತಿದ್ದವು.

"ಜನ ಕೂರೋ ಮುಂಚೆ ಇವೇ ದಿನಗಟ್ಟಲೆ ಸುತ್ತುತ್ವೆ" ಎಂದಳು ಪ್ರಿಯಂವದಾ. ಒಂದು ಪುಟ್ಟ ಬೊಂಬೆಯನ್ನು ಎತ್ತಿ ಅವನ ಕೈಗೆ ಕೊಟ್ಟಳು. "ಹೆಚ್ಚುಕಮ್ಮಿ ಐಶುವಿನಷ್ಟೇ ತೂಕ, ಅಷ್ಟೇ ಎತ್ತರ. ಪಕ್ಕದಲ್ಲಿ ಕೂರಿಸ್ಕೊಳ್ಳಿ. ಅರ್ಧ ಸ್ಪೀಡಲ್ಲಷ್ಟೇ ತಿರುಗಿಸ್ತೀವಿ. ಗಟ್ಟಿಯಾಗಿ ಹಿಡ್ಕೊಳ್ಳಿ, ಬಿಡ್ಬೇಡಿ."

ಉಪೇಂದ್ರ ಕೂತ. ಬಾರ್ ಕೆಳಗಿಳಿದು ಅವನ ತೊಡೆಗೆ ತಾಗಿ ಟಕ್ಕನೆ ನಿಂತಿತು. ಬೊಂಬೆಗೆ ಮಾತ್ರ ತಾಗಲಿಲ್ಲ.

"ಬಾರಿಗೂ ಬೊಂಬೆಗೂ ನಡುವೆ ಕೈ ಹಾಕಿ ನೋಡಿ" ಎಂದಳು ಪ್ರಿಯಂವದಾ.

ಹಾಕಿದ. ಮುಷ್ಟಿ ಹೋಯಿತು. ಮೊಣಕೈ ತನಕ ತೋಳೇ ಹೋಯಿತು.

"ಬಾರ್ ನಿಲ್ಲೋದು ದೊಡ್ಡೋರ ತೊಡೆ ಸಿಕ್ಕಿದ ಕಡೆ. ಸಣ್ಣ ಮಗೂಗೆ ಅದು ಗಾಳೀಲಿ ಇದ್ದಂಗೆ. ಶೂ ಹಾಕಿದ್ರೆ ಎತ್ತರ ಬರ್ಬಹುದು, ತೊಡೆ ದಪ್ಪ ಆಗಲ್ವಲ್ಲ?"

"ಅದಕ್ಕೇ ತಾನೆ ನಾನಿರೋದು? ನಾನು ಹಿಡ್ಕೋತೀನಿ" ಎಂದ ಉಪೇಂದ್ರ. ಬಲಗೈಯಿಂದ ಬೊಂಬೆಯ ಸೊಂಟವನ್ನು ಬಿಗಿದು ಅಪ್ಪಿಕೊಂಡ.

ಯಂತ್ರ ಹೊರಟಿತು. ಮೊದಲ ಸುತ್ತು ಹಾಯಾಗಿತ್ತು. ನಂತರ ತಟ್ಟೆ ಒಂದು ಕಡೆ, ಸೀಟು ಇನ್ನೊಂದು ಕಡೆ ತಿರುಗಿದಾಗ ಅವನ ಮೈಯೇ ಅವನ ಮಾತು ಕೇಳಲಿಲ್ಲ. ತನಗೇ ತಿಳಿಯದಂತೆ ಬಲಗೈ ಬೊಂಬೆಯನ್ನು ಬಿಟ್ಟು ಬಾರನ್ನು ಹಿಡಿಯಿತು. ಬೊಂಬೆ ಬಾರಿನಡಿ ಜಾರಿತು, ಅವನ ಕಾಲ ಬಳಿ ಮಡಚಿಕೊಂಡಿತು, ಮುಂದಿನ ತಿರುವಿನಲ್ಲಿ ಸೀಟಿನ ಅಂಚು ದಾಟಿ ಹೊರಗೆ ಬಿತ್ತು. ದಪ್ ಎಂಬ ಶಬ್ದ. ಚಿತ್ರಾ ಕಿರುಚಿದಳು.

ಯಂತ್ರ ನಿಂತಿತು. ಉಪೇಂದ್ರ ಇಳಿಯಲಿಲ್ಲ. ತನ್ನ ಎರಡೂ ಕೈಗಳನ್ನೇ ನೋಡುತ್ತ ಕೂತ.

"ನಾನು ಬಿಡ್ಲಿಲ್ಲ ಕಣ್ರೀ. ಬಿಡ್ಬೇಕು ಅಂತ ಬಿಡ್ಲಿಲ್ಲ. ಹೇಗ್ ಹೋಯ್ತು?"

"ಯಾರೂ ಬೇಕಂತ ಬಿಡಲ್ಲ" ಎಂದಳು ಪ್ರಿಯಂವದಾ. "ಬೀಳೋ ಭಯ ಆದ್ರೆ ಕೈ ತಾನಾಗೇ ಗಟ್ಟಿ ಇರೋದನ್ನ ಹಿಡಿಯತ್ತೆ. ಅಪ್ಪನ ಕೈಯೂ ಅಷ್ಟೇ, ನನ್ ಕೈಯೂ ಅಷ್ಟೇ."

ಚಿತ್ರಾ ಕಣ್ಣೊರೆಸಿಕೊಂಡು ಕೇಳಿದಳು. "ಹಾಗಿದ್ರೆ ಆ ಆಟ ನಡೆಸೋನು ಯಾಕೆ ಕೂರಿಸ್ಕೊಳ್ಳಿ ಅಂದ?"

"ಅವನಿಗೆ ಸೀಟ್ ತುಂಬ್ಬೇಕು. ಅಲ್ಲದೆ ಇಷ್ಟು ದಿನ ಏನೂ ಆಗಿಲ್ಲ, ಅದಕ್ಕೇ ಏನೂ ಆಗಲ್ಲ ಅನ್ಕೊಂಡಿದಾನೆ. ನಾವು ಎಷ್ಟೇ ಗಟ್ಟಿ ಮಾಡಿ ಕಳಿಸಿದ್ರೂ, ಬಾರ್ ಹಾಕೋನು ನೋಡಿ ಹಾಕ್ಬೇಕು, ಕೂರೋರು ಕೇಳಿ ಕೂರ್ಬೇಕು."

ಭಾನುವಾರ ಸಂಜೆ ಉಪೇಂದ್ರ ಮಗಳನ್ನು ಎಕ್ಸಿಬಿಷನ್ನಿಗೆ ಕರೆದುಕೊಂಡು ಹೋದ. ಗೇಟಿನ ಹೊರಗೇ ಮಂಡಿಯೂರಿ ಕೂತು ಹೇಳಿದ. "ಪುಟ್ಟಿ, ನಾನು ಮಾತು ಕೊಟ್ಟಿದ್ದು ತಪ್ಪಾಯ್ತು. ಆ ಬಾರ್ ನಿನ್ನ ಹಿಡಿಯಲ್ಲ. ನನಗೂ ಹಿಡಿಯೋಕಾಗಲ್ಲ."

ಐಶುಗೆ ಅದೇನೂ ಅರ್ಥವಾಗಲಿಲ್ಲ. ಜೋರಾಗಿ ಅತ್ತಳು. ಜನರೆಲ್ಲ ತಿರುಗಿ ನೋಡಿದರು. ಉಪೇಂದ್ರನಿಗೆ ನಾಚಿಕೆಯಾಯಿತು. ಆದರೂ ಎದ್ದು ಅವಳನ್ನು ಎತ್ತಿಕೊಂಡು ಮಕ್ಕಳ ಪುಟ್ಟ ರೈಲಿನ ಕಡೆ ನಡೆದ. ಅಲ್ಲಿ ಅವಳ ಸೊಂಟದ ಬೆಲ್ಟನ್ನು ತಾನೇ ಎಳೆದು ನೋಡಿದ. ರೈಲು ಸುರಂಗ ಹೊಕ್ಕು ಹೊರಬರುವಷ್ಟರಲ್ಲಿ ಅವಳು ಎರಡೂ ಕೈ ಬೀಸುತ್ತಿದ್ದಳು.

ಅಷ್ಟರಲ್ಲಿ ಬ್ರೇಕ್ ಡ್ಯಾನ್ಸ್ ಮೆಟ್ಟಿಲ ಮೇಲೆ ಒಬ್ಬಾತ ಸಣ್ಣ ಹುಡುಗಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹತ್ತುತ್ತಿದ್ದ. ಉಪೇಂದ್ರ ಓಡಿಹೋದ.

"ಗುರೂ, ಒಂದ್ನಿಮಿಷ. ಮಗೂನ ಕೂರಿಸ್ಬೇಡಿ."

"ಯಾಕ್ರೀ, ಮಿಷಿನ್ ಕೆಟ್ಟಿದ್ಯಾ?"

"ಇಲ್ಲ, ಚೆನ್ನಾಗಿದೆ. ಆದ್ರೆ…"

ಆತನ ಮುಖದಲ್ಲಿ ಗೊಂದಲ. ಉಪೇಂದ್ರನಿಗೆ ಪ್ರಿಯಂವದಾಳಂತೆ ವಿವರಿಸಲು ಬರಲಿಲ್ಲ. ತಾನೇ ಹೋಗಿ ಖಾಲಿ ಸೀಟಿನಲ್ಲಿ ಕೂತ, ಬಾರ್ ಹಾಕಿಸಿಕೊಂಡ. "ಇಲ್ಲಿ ಬಂದು ಪಕ್ಕದಲ್ಲಿ ಬಾರಿನಡಿ ಕೈ ಹಾಕಿ. ಮಗು ಕೂರೋ ಜಾಗದಲ್ಲಿ."

ಆತ ಕೈ ಹಾಕಿದ. ತೋಳು ಪೂರ್ತಿ ಒಳಗೆ ಹೋಯಿತು. ಆತ ಮಗಳ ಮುಖ ನೋಡಿದ, ಬಾರ್ ನೋಡಿದ. ಮಗಳನ್ನು ಎತ್ತಿಕೊಂಡೇ ಮೆಟ್ಟಿಲಿಳಿದ.

ಓದುವ ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ, ಈ ರಜೆಯಲ್ಲಿ ನೀವೂ ಮಕ್ಕಳನ್ನು ಕರೆದುಕೊಂಡು ಹೋಗುತ್ತೀರಿ. ಖಂಡಿತ ಹೋಗಿ, ಆಡಿಸಿ, ನೀವೂ ಆಡಿ. ಆದರೆ ಎತ್ತರದ ಗೆರೆ ಮುಟ್ಟದ ಮಗುವನ್ನು ಯಾರು ಹೇಳಿದರೂ ದೊಡ್ಡ ಆಟಕ್ಕೆ ಹತ್ತಿಸಬೇಡಿ, ಶೂ ಜುಟ್ಟು ಎಂದು ಗೆರೆಗೆ ಮೋಸ ಮಾಡಬೇಡಿ. ದುಪಟ್ಟಾ, ಸೆರಗು, ಉದ್ದ ಜಡೆ ಬಿಗಿಯಾಗಿ ಕಟ್ಟಿಕೊಳ್ಳಿ. ಬಾರನ್ನೋ ಬೆಲ್ಟನ್ನೋ ನೀವೇ ಎಳೆದು ನೋಡಿ, ಸಡಿಲವಿದ್ದರೆ ಆಟ ಹೊರಡುವ ಮೊದಲೇ ಕೂಗಿ ಇಳಿದುಬಿಡಿ. ಹೊರಟ ಮೇಲೆ ಪೂರ್ತಿ ನಿಲ್ಲುವ ತನಕ ಏಳಬೇಡಿ. ಏನಾದರೂ ಅರ್ಥವಾಗದಿದ್ದರೆ ನಾಚಿಕೊಳ್ಳದೆ ಕೇಳಿ. ಉತ್ತರ ಸಿಗುವ ತನಕ ಮಗುವಿನ ಕೈ ಹಿಡಿದು ಕೆಳಗೇ ನಿಲ್ಲಿ. ಅತ್ತರೆ ಅಳಲಿ.