ಟೀವ್ಯಾಗಿನ ಸೊಸಿ

ದುರ್ಗಾ ಸೊಸೆಯಾಗಿ ವಿದ್ಯಾನಗರದ ಮನೆಗೆ ಬಂದ ವರ್ಷ, ತೊಂಬತ್ತೇಳರಲ್ಲಿ, ಅಲ್ಲಿಗೆ ಕೇಬಲ್ಲೂ ಬಂತು. ಸಂಜೆ ಚಹಾದ ಹೊತ್ತಿಗೆ ಆಸ್ಟ್ರೇಲಿಯಾದ ಒಂದು ಧಾರಾವಾಹಿ ಬರುತ್ತಿತ್ತು. ಅತ್ತೆ ಹೊಳೆವ್ವನಿಗೆ ಇಂಗ್ಲಿಷಿನ ಗಂಧವಿಲ್ಲ. ಆದರೂ ಅದರಲ್ಲಿನ ಓಣಿಯವರ ಜಗಳ, ಮದುವೆ, ಮುನಿಸು ಅವಳನ್ನು ಹಿಡಿದು ಕೂರಿಸಿದ್ದವು. ದುರ್ಗಾ ಬಿ.ಎ. ಓದಿದವಳು, ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದಳು. ಉಳಿದ ಹೊತ್ತಿನಲ್ಲಿ ಮಾತೇ ಕಡಿಮೆಯಿದ್ದ ಅತ್ತೆ-ಸೊಸೆ ಆ ಅರ್ಧ ಗಂಟೆ ಗೆಳತಿಯರಾಗಿಬಿಡುತ್ತಿದ್ದರು.

ಒಂದು ದಿನ ಧಾರಾವಾಹಿಯ ಸೊಸೆ ತನ್ನ ಅತ್ತೆಯ ಮುಂದೆ ಅತ್ತಳು. ಓದು ಮುಗಿಯುವವರೆಗೆ ಮಕ್ಕಳು ಬೇಡವೆಂದು ಕದ್ದು ಗುಳಿಗೆ ನುಂಗುತ್ತಿದ್ದಳಂತೆ. ಅದನ್ನು ಕನ್ನಡದಲ್ಲಿ ಹೇಳಿ ದುರ್ಗಾ ಅತ್ತೆಯ ಮುಖ ನೋಡಿದಳು.

"ಪಾಪ, ಅದರಾಗ ಅಕಿದೇನ್ ತಪ್ಪೈತಿ? ಓದ್ಲಿ. ಮಕ್ಕಳು ಆಮ್ಯಾಲೂ ಆಗ್ತಾವು," ಅಂದಳು ಹೊಳೆವ್ವ.

ದುರ್ಗಾಳಿಗೆ ಧೈರ್ಯ ಬಂತು. "ಅತ್ತಿ, ನಾನೂ ಹಂಗ ಮಾಡಾಕತ್ತೇನ್ರಿ. ಬಿ.ಎಡ್. ಮುಗಿಯೂತನಕ ಅಷ್ಟ. ಇವ್ರಿಗೂ ಹೇಳಿಲ್ಲ."

ಹೊಳೆವ್ವ ಅವಳ ಕೈ ಹಿಡಿದಳು. "ನನ್ನ ಮುಂದ ಹೇಳಿದ್ದು ಛಲೋ ಆತು. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ."

ಮದುವೆಯಾದ ಮೇಲೆ ಮೊದಲ ಸಲ ದುರ್ಗಾಳಿಗೆ ಆ ಮನೆ ತನ್ನದು ಅನ್ನಿಸಿತು.

ರವಿವಾರ ಗಂಡನ ಕಾಕಾ ಗಂಗಪ್ಪ ಬಂದ. ಎಲ್ಲರೆದುರೇ ಕೇಳಿದ: "ಏನವಾ, ಗುಳಿಗಿ ನುಂಗಿ ನಮ್ಮ ವಂಶಾನ ಮುಗಸ್ತೀಯೇನು?"

ಗಂಡ ಶಶಿಕಾಂತ ತಲೆಯೆತ್ತಲಿಲ್ಲ. "ನಾಳಿಂದ ಕಾಲೇಜ್ ಸಾಕು," ಅಂದ. ಅವನಿಗೂ ಮೊದಲೇ ಗೊತ್ತಿತ್ತು.

ದುರ್ಗಾ ಬಾಗಿಲಲ್ಲಿ ನಿಂತಿದ್ದ ಹೊಳೆವ್ವನತ್ತ ತಿರುಗಿದಳು. "ಅತ್ತಿ, ಆ ಹುಡುಗೀದು ತಪ್ಪಿಲ್ಲ ಅಂದಿದ್ರಿ."

"ಅಕಿ ಟೀವ್ಯಾಗಿನ ಸೊಸಿ. ನೀ ನಮ್ಮ ಮನಿ ಸೊಸಿ."

ಮರುದಿನವೇ ದುರ್ಗಾ ತವರೂರು ಶಿರಗುಪ್ಪಿಗೆ ಹೋದಳು. ಅಲ್ಲಿಂದಲೇ ಬಸ್ಸಿನಲ್ಲಿ ಕಾಲೇಜಿಗೆ ಓಡಾಡಿದಳು. ಪರೀಕ್ಷೆ ಹತ್ತಿರ ಬಂದಾಗ ಹೊಳೆವ್ವ ತಾನೇ ಬಂದಳು.

"ಮನಿಗೆ ನಡಿ. ಪರೀಕ್ಷಾ ಬರಿ, ಯಾರೂ ಬ್ಯಾಡ ಅನ್ನಂಗಿಲ್ಲ."

ದುರ್ಗಾಳ ಕಣ್ಣು ತುಂಬಿತು. ತಪ್ಪಾಯಿತೆನ್ನುವ ಒಂದು ಮಾತಿಗೆ ಕಾದಳು. ಹೊಳೆವ್ವ ಹತ್ತಿರ ಸರಿದು ದನಿ ತಗ್ಗಿಸಿದಳು.

"ಆ ಟೀವಿ ಹುಡುಗಿ ದಿನಾ ಅಳಾಕತ್ತಾಳ. ಯಾಕಂತ ಒಂದೂ ತಿಳಿಯವಲ್ದು. ನೀ ಬಂದು ಹೇಳಿದ್ರ ಛಲೋ ಆಗತಿತ್ತು."

ಇದಕ್ಕೇ ಬಂದಿದ್ದಳೇ? ದುರ್ಗಾ ಕಣ್ಣೊರೆಸಿಕೊಂಡಳು. "ಪರೀಕ್ಷಾ ಮುಗಿಸೇ ಬರ್ತೇನ್ರಿ," ಅಂದಳು.

ಹಾಗೆಯೇ ಮುಗಿಸಿ ಮರಳಿದಳು. ಕಮರಿಪೇಟೆಯ ಶಾಲೆಯಲ್ಲಿ ಕೆಲಸ ಸಿಕ್ಕಿತು, ಮುಂದೆ ಮಗಳೂ ಹುಟ್ಟಿದಳು. ಹೊಳೆವ್ವನೇ ಬಾಣಂತನ ಮಾಡಿದಳು. ದುರ್ಗಾ ಯಾವುದಕ್ಕೂ ಎದುರಾಡಲಿಲ್ಲ, ಆದರೆ ಮನಸ್ಸಿನ ಮಾತನ್ನು ಮತ್ತೆಂದೂ ಅವಳ ಮುಂದೆ ಆಡಲಿಲ್ಲ.

ಧಾರಾವಾಹಿ ನಡೆದೇ ಇತ್ತು. ಹಳೆಯ ಮುಖಗಳು ಹೋಗಿ ಹೊಸವು ಬಂದವು. ಶಾಲೆ ಬಿಟ್ಟ ಮೇಲೆ ದುರ್ಗಾ ಜೊತೆಯ ಶಿಕ್ಷಕಿ ಫಿರದೋಸಳ ಮನೆಯಲ್ಲಿ ಕೂತು ಅದನ್ನು ನೋಡಿಯೇ ಬಸ್ಸು ಹತ್ತುತ್ತಿದ್ದಳು. ಮನೆಯಲ್ಲಿ ಹೊಳೆವ್ವ ಕಥೆ ಕೇಳಿದರೆ, "ನಾ ಅದನ್ನ ನೋಡೂದ ಬಿಟ್ಟೇನ್ರಿ," ಅನ್ನುತ್ತಿದ್ದಳು.